ದೇವರ ಮನೆಗೆ ಲೆದರ್ ಫಿನಿಶ್

ನನ್ನ ಕಲ್ಲಿನ ಅಂಗಡಿಗೆ ಬರುವವರಿಗೆ ಕನ್ನಡಿಯಂಥ ನೆಲವೇ ಬೇಕು. ಮುಖ ಕಾಣಬೇಕು, ಕಾಲು ಜಾರಿದರೂ ಚಿಂತೆಯಿಲ್ಲ. ಮುಧೋಳದ ಬ್ಯಾಂಕ್ ನೌಕರರೊಬ್ಬರ ತಾಯಿ ಅಂಥ ನೆಲದ ಮೇಲೆ ಬಿದ್ದು ಸೊಂಟ ಉಳುಕಿಸಿಕೊಂಡಿದ್ದರು. ಹೊಸ ದೇವರ ಮನೆಗೆಂದು ಮಗನೊಡನೆ ಕಲ್ಲು ನೋಡಲು ಬಂದ ಅವರಿಗೆ ತರಿತರಿಯಾದ ಗ್ರಾನೈಟ್ ತೋರಿಸಿದೆ.

"ಲೆದರ್ ಫಿನಿಶ್ ರೀ, ಜಾರೂದಿಲ್ಲ."

"ಲೆದರ್ ಅಂದ್ರ?" ಎಂದರು ಮುದುಕಿ.

"ತೊಗಲು," ಎಂದ ಮಗ, ಇಂಗ್ಲಿಷ್ ಬಂದ ಖುಷಿಯಲ್ಲಿ.

"ನಮ್ಮ ಮನಿದೇವ್ರು ಬೀರಪ್ಪನ ಮುಂದ ತೊಗಲು ಹಾಸ್ತೀ ಏನಬೇ?" ಎಂದು ಮುದುಕಿ ನನ್ನ ಕಡೆ ತಿರುಗಿದರು.

ಸೋಲುವ ಜಾಯಮಾನ ನನ್ನದಲ್ಲ. "ಬೀರಪ್ಪನ ಡೊಳ್ಳಿಗೆ ಏನ್ ಹೊದಿಸೀರಿ, ಇಳಕಲ್ಲ ಸೀರಿ?"

ಮುದುಕಿ ನಕ್ಕರು. "ಡೊಳ್ಳು ಬಾರಿಸ್ತೀವಿ ತಂಗಿ, ತುಳಿಯೂದಿಲ್ಲ."

ಕಲ್ಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಈ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಷ್ಟರಲ್ಲಿ ಅವರು ಮತ್ತೆ ಹೊಳೆಯುವ ಕಲ್ಲಿನತ್ತ ಹೊರಟಿದ್ದರು, ಇನ್ನೊಮ್ಮೆ ಬೀಳಲು.

"ಹೆಸರು ತಪ್ಪಿ ಹೇಳಿದೆ ರೀ. ಇದು ಕಂಬಳಿ ಫಿನಿಶ್."

ಮುದುಕಿ ಹಿಂತಿರುಗಿ ಬಂದು, ಅದೇ ಕಲ್ಲನ್ನು ಅಂಗಾಲಿನಿಂದ ಉಜ್ಜಿ ನೋಡಿದರು. "ಕಂಬಳಿ ಇರೂದ ಹಾಸಾಕ. ಮೊದಲ ಹೇಳಬಾರದೇನ?"

ಮೊನ್ನೆ ಬೀಳಗಿಯ ಎಂಜಿನಿಯರೊಬ್ಬರು ಬಂದು ಕಂಬಳಿ ಫಿನಿಶ್ ಕೇಳಿದರು. ಅದು ಇಟಲಿಯದಂತೆ, ನನಗೇ ತಿಳಿಸಿಕೊಟ್ಟರು. ಓದಿದವರೊಡನೆ ನಾನು ವಾದಿಸುವುದಿಲ್ಲ.