ಬಾರದ ಗೌರಿಯ ಕೆಮ್ಮು

ಗೆಳೆಯರೇ, ಇಂದು ನನ್ನ ತರಗತಿಯಲ್ಲಿ ಇಲ್ಲದ ಹುಡುಗಿಯೊಬ್ಬಳು ಕೆಮ್ಮಿದಳು.

ನಮ್ಮ ಲಿಂಗಸುಗೂರಿನ ಮದರಸಾದಲ್ಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ, ನಿಜಾಮ ಸರ್ಕಾರದ ಕಾಯಿದೆಯಂತೆ ಮಗ್ಗಿಯನ್ನೂ ಉರ್ದುವಿನಲ್ಲೇ ಹೇಳಿಸಬೇಕು. ನನ್ನ ತರಗತಿಯ ಹುಸೇನಬಿಗೆ ಯಾವ ಭಾಷೆಯಾದರೇನು, ಕಿವಿಯೇ ಕೇಳುವುದಿಲ್ಲ. ಅದಕ್ಕೇ ಅವಳನ್ನು ಗೌರಿಯ ಹಿಂದೆ ಕೂರಿಸಿದ್ದೆ. ಗೌರಿ ಮಗ್ಗಿ ಕೂಗುವಾಗ ಇವಳು ಅವಳ ಬೆನ್ನಿಗೆ ಎಡಗೈ ಒತ್ತಿ, ಆ ಅದುರುವಿಕೆಯ ಲಯಕ್ಕೆ ಬಲಗೈಯಿಂದ ಪಾಟಿಯ ಮೇಲೆ ಬರೆಯುತ್ತಾಳೆ.

ಇಂದು ಗೌರಿ ಬಂದಿರಲಿಲ್ಲ. ಆ ಜಾಗದಲ್ಲಿ ಕೂರಲು ಬಸವ್ವನನ್ನು ಕರೆದೆ.

“ಅಲ್ಲಿ ಜಾಗ ಇಲ್ರಿ ಮಾಸ್ತರ,” ಅಂದಳು.

ಮಕ್ಕಳು ಏಳರ ಮಗ್ಗಿ ಶುರು ಮಾಡಿದರು. ಹುಸೇನಬಿ ಗಾಳಿಗೇ ಎಡಗೈ ಒತ್ತಿ ಪಾಟಿಯ ಮೇಲೆ ಬರೆಯತೊಡಗಿದಳು. ಒಂದೂ ತಪ್ಪಿಲ್ಲ. ನಡುವೆ ಆ ಎಡಗೈ ಮೂರು ಸಲ ಜೋರಾಗಿ ಅದುರಿತು. ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದರು.

“ಯಾಕ ನಿಂತ್ರಿ?” ಎಂದು ಗದರಿದೆ.

“ತಡೀರಿ ಮಾಸ್ತರ, ಗೌರಿ ಕೆಮ್ಮಾಕತ್ತಾಳ,” ಅಂದಳು ಬಸವ್ವ.

ಕೈ ಅದುರುವುದು ನಿಂತಿತು. ಮಗ್ಗಿ ಮುಂದುವರಿಯಿತು. ನನ್ನ ಬೆತ್ತ ಮಾತ್ರ ಕೈಯಿಂದ ಜಾರಿತ್ತು.

ಮಧ್ಯಾಹ್ನ ಗೌರಿಯ ತಾಯಿ ರಜಾ ಕೇಳಲು ಬಂದಳು. “ಮುಂಜಾನಿಂದ ಜ್ವರ ಬಂದಾವ್ರಿ. ಕೆಮ್ಮಕೋತ ಮಗ್ಗಿ ಒದರಾಕತ್ತಾಳ. ಅಂಗಾತ ಮಲಕ್ಕೋ ಅಂದ್ರ, ‘ಬೆನ್ನ ಮ್ಯಾಲ ಹುಸೇನಬಿ ಕೈ ಅದ’ ಅಂತಾಳ್ರಿ.”

ರಜಾ ಬರೆಯಲು ಮನಸ್ಸಾಗಲಿಲ್ಲ. ಗೌರಿಯ ಹೆಸರಿನ ಮುಂದೆ ಹಾಜರಿ ಹಾಕಿದೆ, ಜ್ವರ ಇಳಿಯುವವರೆಗೂ ಹಾಕುತ್ತೇನೆ. ನಾಳೆ ತಪಾಸಣೆಗೆ ಬರುವ ಸಾಹೇಬರು ತಲೆ ಎಣಿಸಿ ಒಂದು ಕಡಿಮೆ ಇದೆ ಎಂದರೆ, ಬೆನ್ನು ಎಣಿಸಿ ನೋಡಿ ಎನ್ನುತ್ತೇನೆ.