ಕಂಡವರಲ್ಲಿ ಹೇಳಿದವಳು ಒಬ್ಬಳೇ

ತೊಂಬತ್ತರ ದಶಕದ ಕೊನೆಯಲ್ಲಿ, ಗುಬ್ಬಿ ತಾಲ್ಲೂಕಿನ ನಮ್ಮ ಅಜ್ಜಿಮನೆಯ ಅಂಗಳದಲ್ಲಿ, ಸೋದರಮಾವ ತನ್ನ ತಂಗಿಯ ಗಂಡನನ್ನು, ಅಂದರೆ ನನ್ನ ಚಿಕ್ಕಪ್ಪನನ್ನು, ಮಚ್ಚಿನಿಂದ ಕೊಚ್ಚಿ ಕೊಂದ. ತನ್ನ ಅಪ್ಪನ ತೆಂಗಿನ ತೋಟದಲ್ಲಿ ತನಗೂ ಪಾಲು ಬೇಕೆಂದು ಚಿಕ್ಕಮ್ಮ ಗಂಡನ ಜೊತೆ ಕೇಳಲು ಹೋಗಿದ್ದಳು. ಚಿಕ್ಕಪ್ಪ ಮೊದಲ ಏಟಿಗೇ ಬಿದ್ದನಂತೆ. ಮಾವ ನಿಲ್ಲಿಸಲಿಲ್ಲ.

ಅಲ್ಲಿ ಚಿಕ್ಕಮ್ಮನಲ್ಲದೆ ಅವಳ ಅಕ್ಕ, ಅಂದರೆ ನನ್ನ ಅಮ್ಮ ಇದ್ದಳು. ಕಾಯಿ ಸುಲಿಯುತ್ತಿದ್ದ ಇಬ್ಬರು ಆಳುಗಳಿದ್ದರು. ಎಲ್ಲರೂ ಪೊಲೀಸರಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ತುಮಕೂರಿನಲ್ಲಿ ಓದುತ್ತಿದ್ದ ನಾನು ಊರಿಗೆ ಹೋಗುವಷ್ಟರಲ್ಲಿ ಅಜ್ಜಿ ಅಂಗಳಕ್ಕೆ ಸಗಣಿ ಹಾಕಿ ಸಾರಿಸಿಬಿಟ್ಟಿದ್ದಳು.

ಕೇಸು ತುಮಕೂರಿನ ಕೋರ್ಟಿಗೆ ಬಂದಾಗ ಎಲ್ಲರ ಮಾತೂ ಬದಲಾಗಿತ್ತು. ಆಳುಗಳು ತಾವು ಅಂದು ಕೆಲಸಕ್ಕೇ ಬಂದಿರಲಿಲ್ಲ ಅಂದರು. ಅಮ್ಮ ಕಟಕಟೆಗೆ ಹತ್ತಿ, ಅಡುಗೆಮನೆಯಲ್ಲಿದ್ದೆ, ಏನೂ ನೋಡಲಿಲ್ಲ ಅಂದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಉಳಿದವಳು ಚಿಕ್ಕಮ್ಮ. ಅವಳನ್ನು ಕರೆಯುವ ಮುಂಚೆ ಅಜ್ಜಿ ಕೋರ್ಟಿನ ಜಗಲಿಯಲ್ಲಿ ಅವಳ ರಟ್ಟೆ ಹಿಡಿದುಕೊಂಡಳು.

"ಗಂಡನ್ನಂತೂ ತಿನ್ಕೊಂಡೆ. ನನ್ ಮಗನ್ನೂ ತಿಂತೀಯಾ?"

"ಕಂಡಿದ್ದು ಹೇಳ್ತೀನಿ ಕಣವ್ವ," ಅಂದು ಚಿಕ್ಕಮ್ಮ ಕೈ ಬಿಡಿಸಿಕೊಂಡಳು.

ಮಾವನ ವಕೀಲರು ಅವಳನ್ನು ಮಧ್ಯಾಹ್ನದವರೆಗೂ ನಿಲ್ಲಿಸಿ ಕೆದಕಿದರು. ಗಂಡನಿಗೆ ಬೇರೆ ಶತ್ರುಗಳಿರಲಿಲ್ಲವೇ, ಆಸ್ತಿಗಾಗಿಯೇ ಅಣ್ಣನನ್ನು ಸಿಕ್ಕಿಸುತ್ತಿಲ್ಲವೇ ಎಂದು ಕೇಳಿದರು. ಕೊನೆಗೆ, ಒಡಹುಟ್ಟಿದ ಅಕ್ಕನೇ ಕಾಣದ್ದು ನಿನ್ನೊಬ್ಬಳ ಕಣ್ಣಿಗೆ ಹೇಗೆ ಕಂಡಿತು ಅಂದರು.

"ಅವ್ರೂ ನೋಡವ್ರೆ ಸ್ವಾಮಿ. ಹೇಳಾಕಿಲ್ಲ, ಅಷ್ಟೇಯ."

ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ ಸೆರಗು ಸರಿಮಾಡಿಕೊಂಡಳು.

ಒಬ್ಬಳೇ ಸಾಕ್ಷಿ, ಅದೂ ಸತ್ತವನ ಹೆಂಡತಿ, ಅವಳ ಮಾತಿನ ಮೇಲೆ ಶಿಕ್ಷೆ ಕೊಡಬಾರದೆಂದು ವಕೀಲರು ವಾದಿಸಿದರು. ಸಾಕ್ಷಿಗಳನ್ನು ಎಣಿಸಬೇಕಾಗಿಲ್ಲ, ಒಬ್ಬಳೇ ಆದರೂ ಮಾತು ನಂಬುವಂತಿದ್ದರೆ ಸಾಕು ಅಂದರು ಜಡ್ಜ್. ಮಾವನಿಗೆ ಜೀವಾವಧಿ ಆಯಿತು. ಹೊರಗೆ ಬಂದಾಗ ಅಜ್ಜಿ ಎಲ್ಲರೆದುರಿಗೆ ಚಿಕ್ಕಮ್ಮನ ಮುಖಕ್ಕೆ ಉಗಿದಳು. ಚಿಕ್ಕಮ್ಮ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆಮೇಲೆ ಕುಣಿಗಲ್‌ನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದಳು. ನೆಂಟರಲ್ಲಿ ಯಾರೂ ಅವಳನ್ನು ಮದುವೆಗಾಗಲಿ ತಿಥಿಗಾಗಲಿ ಕರೆಯಲಿಲ್ಲ.

ಕೆಲವು ವರ್ಷಗಳ ನಂತರ ಅಜ್ಜಿ ತೀರಿಕೊಂಡಳು. ಚಿಕ್ಕಮ್ಮನಿಗೆ ಫೋನ್ ಮಾಡಿದವನು ನಾನೇ. ತಾಯಿಯ ಬಾಯಿಗೆ ಬಿಡಲು ಲೋಟದಲ್ಲಿ ಹಾಲು ಹಿಡಿದು ಬಂದವಳನ್ನು ಅಮ್ಮ ಬಾಗಿಲಲ್ಲೇ ತಡೆದಳು. ಅಷ್ಟರಲ್ಲಿ ಮಾವನನ್ನು ಪೊಲೀಸರು ಜೈಲಿನಿಂದ ಕರೆತಂದಿದ್ದರು. ಕೂದಲೆಲ್ಲ ನರೆತಿತ್ತು. ಅವನು ತಂಗಿಯನ್ನು ನೋಡಿ ನಿಂತ.

"ಒಳಕ್ ಬುಡಕ್ಕ ಅವ್ಳನ್ನ. ಅವ್ಳೇನ್ ಸುಳ್ ಹೇಳ್ಲಿಲ್ಲ."

ಕೊಂದವನ ಬಾಯಿಂದಲೇ ಅದು ಬಂದದ್ದನ್ನು ನೆರೆದವರೆಲ್ಲ ಕೇಳಿದರು.

"ಸುಳ್ಳೋ ನಿಜವೋ, ಈ ಹೊಸ್ಲು ತುಳಿಯಂಗಿಲ್ಲ," ಅಂದಳು ಅಮ್ಮ. ಚಿಕ್ಕಮ್ಮನ ಕೈಯಿಂದ ಲೋಟ ಕಿತ್ತುಕೊಂಡು ಹಾಲನ್ನು ಚರಂಡಿಗೆ ಸುರಿದು, ಖಾಲಿ ಲೋಟವನ್ನು ಅವಳ ಕಾಲ ಬಳಿ ಎಸೆದಳು.

ಹೆಣ ಎತ್ತುವವರೆಗೆ ಚಿಕ್ಕಮ್ಮ ಬೇಲಿಯಾಚೆ ನಿಂತಿದ್ದಳು. ನಾನು ಹೋಗಿ ಅವಳ ಪಕ್ಕ ನಿಂತೆ. ಚಟ್ಟ ಮುಂದೆ ಹಾದುಹೋದಾಗ ಅವಳು ಕೈಮುಗಿದಳು. ಹೊತ್ತವರು ಯಾರೂ ತಿರುಗಿ ನೋಡಲಿಲ್ಲ. ನಂತರ, ಕುಣಿಗಲ್ಲಿಗೆ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದಳು.