ಈ ಲಾಟ್ ಸರಿಯಿಲ್ಲ

ಡಾಕ್ಟರ್ ಬದರೀನಾಥ್ ಯುಗಾದಿ ಕಾರ್ಯಕ್ರಮಕ್ಕೆ ಬಂದರೆ ಮೊದಲು ವೇದಿಕೆಯ ಕಡೆ ನೋಡುವುದಿಲ್ಲ, ಕೂತ ಜನರ ಕಡೆ ನೋಡುತ್ತಾರೆ. "ಈ ಹಾಲ್‌ನಲ್ಲಿ ಇಪ್ಪತ್ಮೂರು ಕಣ್ಣು ನನ್ನವು ಕಣಯ್ಯಾ" ಎಂದು ಈ ವರ್ಷ ನನ್ನ ಕಿವಿಯಲ್ಲಿ ಹೇಳಿದರು. ಪೊರೆ ತೆಗೆದು ಲೆನ್ಸ್ ಕೂರಿಸಿದ ಕಣ್ಣುಗಳೆಲ್ಲ ಅವರ ಪ್ರಕಾರ ಅವರವೇ. ಜನ ಸದ್ಯಕ್ಕೆ ಬಳಸಿಕೊಳ್ಳುತ್ತಿದ್ದಾರೆ, ಅಷ್ಟೆ. ಆ ಇಪ್ಪತ್ಮೂರರಲ್ಲಿ ನನ್ನ ಹೆಂಡತಿ ಸರೋಜಾಳ ಬಲಗಣ್ಣೂ ಒಂದು. ಎಡಗಣ್ಣಿನ ಆಪರೇಷನ್ನೂ ಅವರ ಕೈಯಲ್ಲೇ ಎಂದು ನಿಶ್ಚಯವಾಗಿತ್ತು, ಅಕ್ಟೋಬರ್‌ನ ಎರಡನೆಯ ಮಂಗಳವಾರ.

ಮೈಸೂರಿನಲ್ಲಿ ಓದಿದ ಡಾಕ್ಟರಿಗೆ ಈಗ ಅರವತ್ತೆರಡು. ಡಲ್ಲಾಸ್ ಪಕ್ಕದ ಸೌತ್‌ಲೇಕ್‌ನಲ್ಲಿ ಮನೆ. ಅವರ ಓರಗೆಯ ಡಾಕ್ಟರುಗಳೆಲ್ಲ ಗಾಲ್ಫ್ ಆಡುತ್ತಾರೆ. "ಹೊಡೆದು, ಆಮೇಲೆ ಹೊಡೆದಿದ್ದೆಲ್ಲಿ ಹೋಯ್ತು ಅಂತ ಹುಡುಕ್ಕೊಂಡು ಅಲೆಯೋದೂ ಒಂದು ಆಟಾನಾ?" ಎಂದು ಇವರು ಪಿಸ್ತೂಲು ಹಿಡಿದರು. ಐವತ್ತು ಗಜ ದೂರದ ಕಾಗದದ ಗುರಿಗೆ, ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಹತ್ತು ಗುಂಡು ಹೊಡೆಯಬೇಕು. ನಟ್ಟನಡುವಿನ ಸುತ್ತಿಗೆ ಹತ್ತು ಅಂಕ, ಹೊರಗೆ ಹೋದಂತೆ ಸುತ್ತಿಗೊಂದು ಕಡಿಮೆ; ಪೂರ್ತಿ ಅಂಕ ನೂರು. ಹತ್ತು ವರ್ಷದ ಸಾಧನೆಯಲ್ಲಿ ಅವರು ತೊಂಬತ್ನಾಲ್ಕರ ತನಕ ಏರಿದ್ದರು. ಶನಿವಾರ ಬೆಳಿಗ್ಗೆ ಕಾಪೆಲ್‌ನ ನಮ್ಮ ಮನೆಯಿಂದ ನನ್ನನ್ನು ಹತ್ತಿಸಿಕೊಂಡು ಶೂಟಿಂಗ್ ರೇಂಜ್‌ಗೆ ಹೋಗುವುದು ರೂಢಿ. ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ. ಹೇಳಿದ್ದನ್ನು ಅವರು ಒಪ್ಪಲೇಬೇಕೆಂದಿಲ್ಲ.

ಕಳೆದ ಚಳಿಗಾಲದಿಂದ ಅಂಕ ಇಳಿಯತೊಡಗಿತು. ತೊಂಬತ್ತು, ಎಂಬತ್ತಾರು, ಎಂಬತ್ತೊಂದು.

"ಏಳರ ಸುತ್ತು, ಎಡಕ್ಕೆ" ಎಂದರೆ, "ಈ ಲಾಟ್ ಸರಿಯಿಲ್ಲ" ಎನ್ನುತ್ತಿದ್ದರು.

ಇದು ಬರೀ ನೆಪವೆಂದು ನಗುವ ಹಾಗಿಲ್ಲ. ಅವರು ಹೊಡೆಯುವ ಸಣ್ಣ ಗುಂಡಿನ ಪ್ರತಿ ಪೆಟ್ಟಿಗೆಯ ಮೇಲೂ ಒಂದು ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದೆಂಬ ಗುರುತು, ಇರುತ್ತದೆ. ಒಂದೇ ಕಂಪನಿಯ ಎರಡು ಲಾಟ್‌ಗಳಲ್ಲಿ ಒಂದು ನಮ್ಮ ಪಿಸ್ತೂಲಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಪಳಗಿದವರು ನಾಲ್ಕಾರು ಲಾಟ್ ಹೊಡೆದು ನೋಡಿ, ಒಗ್ಗಿದ್ದನ್ನೇ ಪೆಟ್ಟಿಗೆಗಟ್ಟಲೆ ಕೊಂಡಿಡುತ್ತಾರೆ. ಡಾಕ್ಟರೂ ಹಾಗೇ ಮಾಡುತ್ತಿದ್ದರು. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂಬತ್ತು ಲಾಟ್ ಬದಲಾಯಿಸಿದರು. ಒಂಬತ್ತೂ ಒಗ್ಗಲಿಲ್ಲ.

ದುರ್ಬೀನನ್ನು ಒಂದಿಷ್ಟು ಈಚೆಗೆ ತಿರುಗಿಸಿದರೆ ಅವರ ಮಣಿಕಟ್ಟು ಆಡುವುದೇ ಕಾಣುತ್ತಿತ್ತು. ನಾನು ತಿರುಗಿಸಲಿಲ್ಲ. ಬರಿಗಣ್ಣಿಗೂ ಕಾಣುತ್ತಿತ್ತು, ಅದು ಬೇರೆ ಮಾತು.

ಒಂದು ಶನಿವಾರ ನಾನೇ ಅವರ ಮನೆಗೆ ಹೋಗಿದ್ದೆ. ಅವರು ಸಾಮಾನು ತುಂಬುತ್ತಿದ್ದಾಗ ಹೆಂಡತಿ ಅನಸೂಯಾ ನನ್ನನ್ನು ಅಡುಗೆಮನೆಗೆ ಕರೆದರು.

"ದಿನಾ ಬೆಳಗ್ಗೆ ಎದ್ದು ಪಿಸ್ತೂಲಿನ ತುದಿ ಮೇಲೆ ನಾಣ್ಯ ಇಟ್ಕೊಂಡು ಖಾಲಿ ಟ್ರಿಗರ್ ಒತ್ತೋ ಅಭ್ಯಾಸ ಮಾಡ್ತಾರೆ ನೋಡಿ. ನಾಣ್ಯ ಬೀಳಬಾರದಂತೆ. ಮೊದಲು ಎಲ್ಲೋ ಒಂದು ಸಲ ಬೀಳೋದು. ಈಗ ಟಣ್, ಟಣ್, ಟಣ್. ಅಲಾರಂ ಇಡೋದೇ ಬಿಟ್ಟಿದೀನಿ. ಕಾಫಿ ಅರ್ಧ ಲೋಟ ಕೊಡು ಅಂತಾರೆ. ಯಾಕೆ ಅಂತ ಕೇಳಿದ್ರೆ, ಶುಗರ್ ಅಂತಾರೆ. ಅವರಿಗೆ ಶುಗರ್ ಇಲ್ಲ. ನಾನು ಕೇಳಿದ್ರೆ ಸಿಟ್ಟು ಬರುತ್ತೆ. ನೀವು ಒಂದು ಮಾತು ಕೇಳಿ."

ದಾರಿಯಲ್ಲಿ ಕೇಳಿದೆ. ನೇರವಾಗಿ ಕೇಳುವ ಧೈರ್ಯ ಇರಲಿಲ್ಲ. "ಡಾಕ್ಟ್ರೇ, ಕೈ ಸ್ಟೆಡಿ ಇರೋಕೆ ಮಾತ್ರೆ ಏನಾದ್ರೂ ಸಿಗುತ್ತಾ?"

"ಬೀಟಾ ಬ್ಲಾಕರ್. ಶೂಟಿಂಗ್‌ನಲ್ಲಿ ಅದು ನಿಷಿದ್ಧ ಕಣಯ್ಯಾ. ತಗೊಂಡ್ರೆ ಶುದ್ಧ ಮೋಸ!" ಎಂದು ರೇಗಿದರು. "ಗುರಿ ಹಿಡಿದಾಗ ಎಲ್ಲರ ಕೈಯೂ ಆಡುತ್ತೆ. ಆಡೋ ಕೈಯಲ್ಲೇ ಮೆತ್ತಗೆ ಟ್ರಿಗರ್ ಒತ್ತೋದೇ ವಿದ್ಯೆ."

ಕಾಗದಕ್ಕೆ ಗುಂಡು ಹೊಡೆಯುವವನ ಪ್ರಾಮಾಣಿಕತೆಗೆ ಇಷ್ಟು ಬಿಗಿ ಕಾನೂನಿರುವಾಗ ಕಣ್ಣಿಗೆ ಚಾಕು ಹಾಕುವವನಿಗೆ ಏನಿದೆ ಎಂಬ ಪ್ರಶ್ನೆ ನಾಲಿಗೆಯ ತನಕ ಬಂತು. ನುಂಗಿಕೊಂಡೆ. ಮನೆಗೆ ಹೋಗಿ ಸರೋಜಾಳಿಗೂ ಹೇಳಲಿಲ್ಲ. ಹೇಳದೇ ಇರುವುದಕ್ಕೆ ನನ್ನ ಬಳಿ ಒಳ್ಳೆಯ ಕಾರಣಗಳಿದ್ದವು. ರಾತ್ರಿ ನಿದ್ದೆ ಕೊಡುವಂಥದ್ದು ಒಂದೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಆಸ್ಟಿನ್ ಬಳಿಯ ಕ್ಲಬ್ಬಿನಲ್ಲಿ ಸ್ಪರ್ಧೆ. ಡಾಕ್ಟರಿಗೆ ಅರವತ್ತೊಂಬತ್ತು ಬಂತು. ಒಂದು ಗುಂಡು ಕಾಗದವನ್ನೇ ಮುಟ್ಟಿರಲಿಲ್ಲ. ಊಟದ ಮೇಜಿನಲ್ಲಿ ಲಾಟ್ ನಂಬರಿನ ಅಕ್ರಮಗಳ ಬಗ್ಗೆ ಇಪ್ಪತ್ತು ನಿಮಿಷ ಭಾಷಣವಾಯಿತು. ಎದುರಿಗೆ ಹುಬ್ಬಳ್ಳಿಯ ಚನ್ನಮಲ್ಲಪ್ಪ ಕೂತಿದ್ದರು. ತೈಲ ಕಂಪನಿಯಿಂದ ರಿಟೈರ್ ಆಗಿ ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿರುವವರು, ಹಳೆಯ ಶೂಟರ್.

"ಅನುಮಾನ ಯಾಕ್ರಿ ಡಾಕ್ಟ್ರ? ನನ್ನ ಕಡೆ ಕಬ್ಬಿಣದ ಹಿಡಿ ಐತಿ. ಬೆಂಚಿಗೆ ಬೋಲ್ಟ್ ಹಾಕಿ ಪಿಸ್ತೂಲ್ ಅದಕ್ಕ ಕಚ್ಚಿಸಿಬಿಟ್ರ ಮನಷ್ಯಾನ ಕೈಯ ಬ್ಯಾಡ. ಗುಂಡಿನ ಹಣೆಬರಹ ಗೊತ್ತಾಗಿಬಿಡ್ತೈತಿ."

"ಆಗಲಿ!" ಎಂದರು ಡಾಕ್ಟರು, ಕೋರ್ಟಿಗೆ ಹೋಗುವ ಹುರುಪಿನಲ್ಲಿ. "ಸಾಕ್ಷಿ ಸಮೇತ ಗುಂಡಿನ ಕಂಪನಿಗೆ ಬರೀತೀನಿ."

ಮುಂದಿನ ಶನಿವಾರವೇ ಅವರ ಊರಿನ ರೇಂಜ್‌ಗೆ ಹೋದೆವು. ಸರೋಜಾಳ ಆಪರೇಷನ್ನಿಗೆ ಮೂರು ದಿನವಿತ್ತು. ಚನ್ನಮಲ್ಲಪ್ಪ ಪಿಸ್ತೂಲನ್ನು ಹಿಡಿಗೆ ಕಚ್ಚಿಸಿ, ಅತ್ಯಂತ ಕೆಟ್ಟದ್ದೆಂದು ಡಾಕ್ಟರು ಕೆಂಪು ಗೆರೆ ಎಳೆದಿದ್ದ ಲಾಟ್‌ನ ಹತ್ತು ಗುಂಡು ಹಾರಿಸಿದರು. ನಾನು ದುರ್ಬೀನಿನಲ್ಲಿ ನೋಡಿದೆ. ಒಂದು ಕೋಡುಬಳೆಯೊಳಗೆ ಹತ್ತೂ ಅಡಗುವಂತಿತ್ತು.

"ಎಲ್ಲಿ?" ಎಂದರು ಡಾಕ್ಟರು.

"ಎಲ್ಲಾ ಹತ್ತರೊಳಗೆ."

"ಸರಿಯಾಗಿ ನೋಡು."

ನೋಡಿದೆ. ಅವರೂ ನೋಡಿದರು. "ಇನ್ನೊಂದು ಲಾಟ್ ಹಾಕಿ."

ಒಂಬತ್ತು ಲಾಟನ್ನೂ ಹಾರಿಸಿದ್ದಾಯಿತು. ಒಂದು ಸ್ವಲ್ಪ ಅಗಲ, ಒಂದು ಸ್ವಲ್ಪ ಬಿಗಿ. ಏಳರ ಸುತ್ತಿಗೆ ಒಂದೂ ಹೋಗಲಿಲ್ಲ. ಡಾಕ್ಟರು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಕೊನೆಗೆ ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿದ್ದವು. ಅದನ್ನು ಅವರೂ ನೋಡಿದರು, ಪುಸ್ತಕ ಮುಚ್ಚಿದರು.

"ಗುಂಡು ಛಲೋ ಅದಾವ್ರಿ" ಎಂದರು ಚನ್ನಮಲ್ಲಪ್ಪ ಮೆಲ್ಲಗೆ. ನಗಲಿಲ್ಲ. ಪಿಸ್ತೂಲನ್ನು ಹಿಡಿಯಿಂದ ಬಿಡಿಸಿ, ಒರೆಸಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. "ಊಟ ಮಾಡಿಕೊಂಡ ಹೋಗ್ರಿ, ರೊಟ್ಟಿ ಮಾಡ್ಯಾರ ಮನ್ಯಾಗ."

ಊಟಕ್ಕೆ ನಿಲ್ಲಲಿಲ್ಲ. ಡಲ್ಲಾಸಿನ ದಾರಿಯಲ್ಲಿ ಹಂಟ್ಸ್‌ವಿಲ್ ಸಿಕ್ಕಿತು. ಅಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಡಾಕ್ಟರು ಸರೋಜಾಳಿಗೆ ಫೋನ್ ಹಚ್ಚಿದರು. ಕಾರಿನ ಸ್ಪೀಕರಿನಲ್ಲಿ ಅವಳ ದನಿ ಬಂತು.

"ಸರೋಜಾ, ಮಂಗಳವಾರ ನನಗೊಂದು ಕಾನ್ಫರೆನ್ಸ್ ಬಂದಿದೆ."

"ಹಾಗಾದ್ರೆ ಮುಂದಕ್ಕೆ ಹಾಕಿ ಡಾಕ್ಟ್ರೇ, ನನಗೇನು ಅವಸರ? ನಿಮ್ಮ ಕೈಗುಣ ಬಿಟ್ಟು ಬೇರೆಯವರ ಹತ್ರ ನಾನು ಹೋಗಲ್ಲ."

"ಇಲ್ಲಮ್ಮಾ, ಸಂಹಿತಾ ಅಂತ ಇದಾಳೆ, ನನ್ನ ಕೈಕೆಳಗೇ ಕಲಿತೋಳು. ನನ್ನಷ್ಟೇ ಚೆನ್ನಾಗಿ ಮಾಡ್ತಾಳೆ. ಹೆಚ್ಚೂಕಡಿಮೆ ನನ್ನಷ್ಟೇ."

ಫೋನ್ ಇಟ್ಟರು. ನನ್ನ ಎದೆಯ ಭಾರ ಇಳಿಯಿತು. ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

"ಮಂಗಳವಾರ ಇನ್ನೆಷ್ಟು ಜನ ಇದಾರೆ ಡಾಕ್ಟ್ರೇ?"

"ಆರು."

"ಅವರು?"

"ಅವರು ಯಾರೂ ನಿನಗೆ ಗೊತ್ತಿಲ್ಲ, ಬಿಡು."

ಇಷ್ಟು ದಿನ ನಾನೂ ಒಂದೇ ಕಣ್ಣಿನ ಚಿಂತೆ ಮಾಡಿದವನು. ಅವರನ್ನು ಅನ್ನುವ ಬಾಯಿ ನನಗೆಲ್ಲಿತ್ತು? ಆದರೂ ಅಂದೆ. "ಗೊತ್ತಿಲ್ಲದೋರಿಗೂ ಕಣ್ಣು ಎರಡೇ ಅಲ್ವಾ?"

"ಮೈಕ್ರೋಸ್ಕೋಪ್ ಕೆಳಗೆ ಕೈ ಊರಿಕೊಂಡಿರ್ತೀನಯ್ಯಾ. ಅಲ್ಲಿ ನಡುಗಲ್ಲ."

ನಡುಗುವುದು ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಯಾವತ್ತೂ ಇಲ್ವಾ?"

ಅವರು ಎಂಜಿನ್ ಆರಿಸಿದರು.

"ಹೋದ ವಾರ. ಒಂದು ಸಲ."

"ಆ ಕಣ್ಣಿಗೆ ಏನಾಯ್ತು?"

"ಏನೂ ಆಗಲಿಲ್ಲ." ಆಮೇಲೆ, ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ, "ಆಗಬಹುದಿತ್ತು" ಎಂದರು.

ಕ್ಲಿನಿಕ್ಕಿಗೆ ಫೋನ್ ಮಾಡಿದರು. ಶನಿವಾರವಾದ್ದರಿಂದ ಸಂದೇಶ ಹಿಡಿದಿಡುವ ಯಂತ್ರ ಎತ್ತಿಕೊಂಡಿತು. ತಮ್ಮ ಪೂರ್ತಿ ಹೆಸರು, ಡಿಗ್ರಿಗಳ ಸಮೇತ, ತಮ್ಮದೇ ಕ್ಲಿನಿಕ್ಕಿನ ಯಂತ್ರಕ್ಕೆ ಹೇಳಿ, ತುರ್ತು ಪ್ರಯಾಣದ ಕಾರಣ ಮಂಗಳವಾರದ ಆಪರೇಷನ್‌ಗಳು ರದ್ದು ಎಂದರು. ಕಳಿಸಲು ಒಂದನ್ನು ಒತ್ತಿ, ಮತ್ತೆ ಹೇಳಲು ಎರಡನ್ನು ಒತ್ತಿ ಎಂದಿತು ಯಂತ್ರ. ತಮ್ಮ ಮಾತನ್ನೇ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡವರಂತೆ ತುಟಿ ಅಲ್ಲಾಡಿಸಿ, ಎರಡನ್ನು ಒತ್ತಿದರು.

ಈ ಸಲ ಡಿಗ್ರಿ ಹೇಳಲಿಲ್ಲ. ನನ್ನ ಬಲಗೈ ನಡುಗುತ್ತಿದೆ, ನರರೋಗದ ಡಾಕ್ಟರು ನೋಡಿ ಹೇಳುವ ತನಕ ನಾನು ಆಪರೇಷನ್ ಮಾಡುವುದಿಲ್ಲ, ಮಂಗಳವಾರದ ಏಳೂ ಜನರನ್ನು ಸಂಹಿತಾಳಿಗೆ ಕೊಡಿ, ಹೋದ ವಾರದವರನ್ನು ಇನ್ನೊಮ್ಮೆ ಪರೀಕ್ಷೆಗೆ ಕರೆಸಿ ಎಂದರು.

ಒಂದನ್ನು ಒತ್ತಲು ಹೋದ ಬೆರಳು ಪಕ್ಕದ ಅಂಕಿಯ ಮೇಲೆ ಬಿತ್ತು. ಯಂತ್ರ ಕ್ಷಮೆ ಕೇಳಿತು. ನಾನು ಕೈ ಚಾಚಿದೆ.

"ಬೇಡ" ಎಂದರು ಡಾಕ್ಟರು. "ನಾನೇ ಒತ್ತುತ್ತೀನಿ."

ಮೂರನೆಯ ಸಲಕ್ಕೆ ಒಂದನ್ನೇ ಒತ್ತಿದರು.